ಮನೆಅಳಿಯ ಬರೆದ ಅತ್ತೆಯ ಮುಖ

ಬಾಂಗನಿಗೆ ಚಿತ್ರ ಬರೆಯಲು ಬರುತ್ತದೆ ಎಂಬ ಸಂಗತಿ ಮೊದಲು ಹೊರಬಿದ್ದದ್ದು ಅವನ ಮಾವನವರ ತಿಥಿಯ ದಿನ, ಕೈ ತೊಳೆಯುವ ನಲ್ಲಿಯ ಹತ್ತಿರ. ಅವನಿಗೂ ಅದು ಗೊತ್ತಾದದ್ದು ಆಗಲೇ.

ತಿಥಿ ಎಂದಮೇಲೆ ವಿಯೆಟ್ನಾಮಿನ ಹೈಫಾಂಗ್ ಊರಿನ ಆ ಗಲ್ಲಿಯಲ್ಲಿ ಊಟ, ಬಿಯರು, ಆಮೇಲೆ ಹಾಡು ಇರಲೇಬೇಕು. ಸತ್ತವರ ಹೆಸರಿನಲ್ಲಿ ಬದುಕಿರುವವರು ಚೆನ್ನಾಗಿ ತಿನ್ನದಿದ್ದರೆ ಸತ್ತವರಿಗೆ ಬೇಜಾರು. ಷಡ್ಡಕ ತ್ವಾನ್ ಮೈಕು ಹಿಡಿದು ಹಾಡಿದ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಎಂಜಿನ್ನಿನ ಸದ್ದು ಮೀರಿ ಹಾಡಿ ರೂಢಿ. ಹಾಡು ಮುಗಿದಾಗ ಹಳ್ಳಿಯಿಂದ ಬಂದಿದ್ದ ವೂಂಗ್ ಮಾವ, ಅಂದರೆ ಅತ್ತೆಯ ತಮ್ಮ, ಕಣ್ಣೊರೆಸಿಕೊಂಡು ಕೇಳಿದರು:

“ಚಿಕ್ಕಳಿಯ ಹಾಡ್ತಾನೆ. ನಮ್ಮ ದೊಡ್ಡಳಿಯನಿಗೆ ಏನು ಬರುತ್ತೆ?”

“ನಿದ್ದೆ,” ಎಂದಳು ಬಾಂಗನ ಹೆಂಡತಿ ಥೋವಾ.

“ಅದನ್ನೂ ಗೊರಕೆ ಹೊಡೆದು ಕೆಡಿಸ್ತಾನೆ,” ಎಂದರು ಅತ್ತೆ ಮೂಯಿ, ಬಟ್ಟಲಿಗೆ ಇನ್ನೊಂದು ಸೌಟು ಉಪ್ಪಿನ ಬದನೆಕಾಯಿ ಹಾಕಿಕೊಳ್ಳುತ್ತ.

ಎಲ್ಲರೂ ನಕ್ಕರು. ಬಾಂಗನೂ ನಕ್ಕ. ಅತ್ತೆಯ ಮನೆಯಲ್ಲಿ ಸಂಸಾರ ಹೂಡಿದವನು ಎಲ್ಲರೂ ನಗುವಾಗ ತಾನೂ ನಗಬೇಕು ಎಂಬಷ್ಟು ಬುದ್ಧಿ ಅವನಿಗಿತ್ತು. ಆದರೆ ಕೈ ತೊಳೆಯುವಾಗ ತ್ವಾನ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, “ಬೇಜಾರು ಮಾಡ್ಕೋಬೇಡಿ ಅಣ್ಣ, ಎಲ್ರಿಗೂ ಎಲ್ಲಾ ಬರೋದಿಲ್ಲ,” ಎಂದುಬಿಟ್ಟ. ನಕ್ಕಿದ್ದನ್ನು ಬಾಂಗ್ ತಡೆದುಕೊಂಡಿದ್ದ. ಸಮಾಧಾನ ಹೇಳಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

“ನಾನು ಚಿತ್ರ ಬರೀತೀನಿ,” ಎಂದ.

“ಎಂಥ ಚಿತ್ರ?”

“ಮುಖ. ಮನುಷ್ಯರದ್ದು.”

“ಇಷ್ಟು ದಿನ ಹೇಳೇ ಇಲ್ವಲ್ಲ?”

“ಹೇಳ್ಕೊಂಡು ತಿರುಗೋದು ನನಗೆ ಹಿಡಿಸಲ್ಲ.”

ತ್ವಾನ್ ಒಳ್ಳೆಯವನು, ಥಟ್ಟನೆ ನಂಬಿದ. “ಹಾಗಾದ್ರೆ ಹೀಗ್ಮಾಡೋಣ. ತೆತ್ ಹಬ್ಬಕ್ಕೆ ಅಮ್ಮನಿಗೆ ಎಂಬತ್ತು ತುಂಬುತ್ತಲ್ಲ. ಆವತ್ತು ನಾನು ಹಾಡ್ತೀನಿ, ನೀವು ಅಮ್ಮನ ಮುಖ ಬರ್ದು ಎಲ್ರ ಮುಂದೆ ಇಡಿ. ಅಲ್ಲೀತನಕ ಯಾರಿಗೂ ಬಾಯಿ ಬಿಡೋದು ಬೇಡ, ಅಕ್ಕನಿಗೂ.” ಮಾರನೆಯ ದಿನ ಅವನು ಹಡಗು ಹತ್ತಿದ. ಗುಟ್ಟು ಗೊತ್ತಿದ್ದ ಇನ್ನೊಬ್ಬ ಮನುಷ್ಯ ಹೀಗೆ ನಡುಸಮುದ್ರಕ್ಕೆ ಹೋದದ್ದೇ ಮುಂದಿನ ಅನಾಹುತಕ್ಕೆಲ್ಲ ದಾರಿಯಾಯಿತು.

ತೆತ್ ಎಂದರೆ ಅಲ್ಲಿನ ಹೊಸ ವರ್ಷ. ಆ ಹಬ್ಬಕ್ಕೆ ಎಂಬತ್ತು ತುಂಬುವುದೆಂದರೆ ಆ ಕಡೆ ಸಣ್ಣ ಸಂಗತಿಯಲ್ಲ. ತುಂಬಿದವರಿಗೆ ಕೆಂಪು ನಿಲುವಂಗಿ, ಕೆಂಪು ರುಮಾಲು ತೊಡಿಸಿ, ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮಕ್ಕಳು ಮೊಮ್ಮಕ್ಕಳೆಲ್ಲ ಅಡ್ಡಬಿದ್ದು, ಗಲ್ಲಿಗೆಲ್ಲ ಊಟ ಹಾಕಬೇಕು. ಅಂಥ ಸಭೆಯ ಮುಂದೆ ಇಡಬೇಕಾದ ಮುಖವನ್ನು ಬಾಂಗ್ ಬರೆಯಬೇಕಾಗಿತ್ತು. ಅಲ್ಲಿಯವರೆಗೆ ಅವನು ಬರೆದಿದ್ದದ್ದು ತನ್ನ ರುಜು ಮಾತ್ರ. ಅದನ್ನೂ ಬ್ಯಾಂಕಿನವರು ಒಪ್ಪುತ್ತಿರಲಿಲ್ಲ.

ಬಾಂಗನ ಕಸುಬು ಸ್ಕೂಟರುಗಳ ಹರಿದ ಸೀಟಿಗೆ ಹೊಸ ರೆಕ್ಸಿನ್ ಹೊಲಿಯುವುದು. ಫೋನಿನಲ್ಲಿ ಚಿತ್ರ ಕಲಿಸುವ ಮಾಸ್ತರೊಬ್ಬನನ್ನು ಹುಡುಕಿಕೊಂಡು, ಅಂಗಡಿಯ ಹಿಂದಿನ ಮೂಲೆಯಲ್ಲಿ ಕಲಿಯಲು ಕುಳಿತ. ಮೊದಲು ಒಂದು ಮೊಟ್ಟೆ ಬರೆಯಿರಿ ಎಂದ ಮಾಸ್ತರು. ಬಾಂಗ್ ಬರೆದ. ಅಂಗಡಿಯ ಯಜಮಾನ ಬಗ್ಗಿ ನೋಡಿ, “ಇದು ಯಾವ ಗಾಡಿ ಸೀಟು?” ಎಂದು ಕೇಳಿದ. ಪಾಪ, ಕೈಗೆ ರೂಢಿಯಾದ ಗೆರೆ ಅದು. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ, ನಡುವೆ ಸಣ್ಣ ತಗ್ಗು. ಅದರ ಮೇಲೆ ಕಣ್ಣು ಮೂಗು ಇಟ್ಟರೆ ಕಣ್ಣು ಮೂಗು ಇರುವ ಸೀಟಾಗುತ್ತಿತ್ತು.

ಮುಂದಿನ ಪಾಠದಲ್ಲಿ ಮಾಸ್ತರು ಒಂದು ಬಾಂಬು ಹಾಕಿದ. ಮನುಷ್ಯನ ಕಣ್ಣು ಇರುವುದು ತಲೆಯ ಮೇಲ್ಭಾಗದಲ್ಲಲ್ಲ, ನಟ್ಟ ನಡುವೆ. ಬಾಂಗ್ ನಂಬಲಿಲ್ಲ. ಸೀಟು ಅಳೆಯುವ ಟೇಪು ತಂದು ಕನ್ನಡಿಯ ಮುಂದೆ ನಿಂತು ತನ್ನ ತಲೆ ಅಳೆದುಕೊಂಡ. ನಿಜವಾಗಿತ್ತು. ಯಜಮಾನನ ತಲೆ ಅಳೆದ, ಸೀಟು ಹೊಲಿಸಲು ಬಂದ ಗಿರಾಕಿಗಳ ತಲೆ ಅಳೆದ. ಎಲ್ಲರ ಕಣ್ಣೂ ನಡುವೆಯೇ ಇದ್ದವು. ಇಷ್ಟು ವರ್ಷ ಕನ್ನಡಿ ನೋಡುತ್ತ ಬಂದರೂ ತನ್ನ ಕಣ್ಣು ಎಲ್ಲಿದೆ ಎಂದು ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಇನ್ನು ಅಳೆಯಬೇಕಾದ ತಲೆ ಒಂದೇ ಉಳಿದಿತ್ತು.

ಆ ತಲೆಯ ಒಡತಿಗೆ ಅದೇ ವಾರ ಹೊಟ್ಟೆನೋವು ಕಾಣಿಸಿಕೊಂಡಿತು. ಬಾಂಗ್ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಅವನನ್ನು ಹೊರಗೆ ಕರೆದು, “ಉಪ್ಪಿನ ಬದನೆಕಾಯಿ ಮಿತಿ ಮೀರಿ ತಿಂದಿದಾರೆ. ಬರೀ ಗ್ಯಾಸು, ಬೇರೆ ಏನೂ ಇಲ್ಲ. ಅಜ್ಜೀನ ಚೆನ್ನಾಗಿ ನೋಡ್ಕೊಳ್ಳಿ,” ಎಂದರು. ಅತ್ತೆಗೆ ಬದನೆಕಾಯಿ ಬಿಡಿ ಎನ್ನುವ ಧೈರ್ಯ ಯಾವ ಮನೆಅಳಿಯನಿಗಿದೆ? ಬಾಂಗ್ ಆ ಭಾಗ ನುಂಗಿಕೊಂಡು, “ಏನೂ ಇಲ್ಲವಂತೆ ಅಮ್ಮ,” ಎಂದಷ್ಟೇ ಹೇಳಿದ.

ಆ ಊರಿನ ಹಿರಿಯರ ಪಾಲಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ದೊಡ್ಡ ಕಾಯಿಲೆಯಾದರೆ ಡಾಕ್ಟರು ರೋಗಿಗೆ ಹೇಳುವುದಿಲ್ಲ, ಮನೆಯವರನ್ನು ಹೊರಗೆ ಕರೆದು ಹೇಳುತ್ತಾರೆ. ಮನೆಯವರು ಮುಖ ತೊಳೆದುಕೊಂಡು ಒಳಗೆ ಬಂದು “ಏನೂ ಇಲ್ಲವಂತೆ” ಎನ್ನುತ್ತಾರೆ. ಮಾವನವರಿಗೂ ಕೊನೆಯವರೆಗೆ ಹಾಗೇ ಹೇಳಿದ್ದರು. ಹೇಳಿದವರು ಬೇರೆ ಯಾರೂ ಅಲ್ಲ, ಮೂಯಿ ಅತ್ತೆಯೇ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮಲಗುವ ಹೊತ್ತಿಗೆ ಬಾಂಗ್ ಸದ್ದಿಲ್ಲದೆ ಮನೆಗೆ ಬಂದ. ಚಾಪೆಯ ಪಕ್ಕದಲ್ಲಿ ಮಂಡಿಯೂರಿ ಟೇಪು ಬಿಚ್ಚಿ, ನೆತ್ತಿಯಿಂದ ಕಣ್ಣಿಗೆ, ಕಣ್ಣಿಂದ ಗಲ್ಲಕ್ಕೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಅಳತೆ ಹಿಡಿದ. ಆಮೇಲೆ ಮಾಸ್ತರು ಹೇಳಿಕೊಟ್ಟ ಹಾಗೆ ಪೆನ್ಸಿಲನ್ನು ಕೈಯುದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದ.

ಮೂಯಿ ಅತ್ತೆಗೆ ನಿದ್ದೆ ಬಂದಿರಲಿಲ್ಲ. ರೆಪ್ಪೆಯ ಸಂದಿಯಿಂದ ಅವರು ಎಲ್ಲವನ್ನೂ ನೋಡಿದರು. ತಲೆಗೆ ಟೇಪು ಹಿಡಿಯುವ ಅಳಿಯನ ಮನಸ್ಸಿನಲ್ಲಿ ಶವಪೆಟ್ಟಿಗೆ ಬಿಟ್ಟು ಬೇರೆ ಏನಿರುತ್ತದೆ?

ಆದರೂ ಅವರಿಗೆ ಸ್ವಲ್ಪ ಅನುಮಾನ ಉಳಿದಿತ್ತು. ಅದನ್ನು ತೊಡೆದುಹಾಕಿದವನು ಮಾರುಕಟ್ಟೆಯ ಮೂಲೆಯ ಚಿತ್ರದಜ್ಜ.

ಈ ಅಜ್ಜ ಮಸಿಯ ಪುಡಿಯಲ್ಲಿ ಮುಖ ಬರೆಯುವವನು. ಬಣ್ಣದ ಫೋಟೋ ಬಂದ ಮೇಲೂ ಅಲ್ಲಿನ ಹಳಬರಿಗೆ ಮನೆಯಲ್ಲಿ ಸತ್ತ ಹಿರಿಯರನ್ನು ಪೂಜಿಸುವ ಪೀಠದ ಮೇಲೆ, ಊದುಬತ್ತಿಯ ಹಿಂದೆ, ಮಸಿಯ ಚಿತ್ರವೇ ಇರಬೇಕು. ನೇರ ನೋಟದ ಕಪ್ಪು ಬಿಳುಪಿನ ಮುಖವನ್ನು ಬದುಕಿ ತಿರುಗಾಡುವವರಿಗಾಗಿ ಯಾರೂ ಬರೆಸುವುದಿಲ್ಲ. ಬಾಂಗನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಮಾವನ ಚಿತ್ರವೂ ಆ ಅಜ್ಜನ ಕೈಯದೇ. ಆದರೆ ಹೊಸದಾಗಿ ಕಲಿಯುವವನಿಗೆ ತನ್ನ ತಾಪತ್ರಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಪೆನ್ಸಿಲಿನಲ್ಲಿ ಅತ್ತೆಯ ಕೂದಲು ಸಾಕಷ್ಟು ಕಪ್ಪಾಗುತ್ತಿಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು. ಅಲ್ಲೇ ಪಕ್ಕದಲ್ಲಿ ಏಡಿ ಆರಿಸುತ್ತಿದ್ದ, ಅವನದೇ ಗಲ್ಲಿಯ ಹೆನ್ ಅಜ್ಜಿಯೂ ಅವನಿಗೆ ಕಾಣಲಿಲ್ಲ.

“ಒಂದು ಪೊಟ್ಟಣ ಮಸಿ ಪುಡಿ ಕೊಡಿ ತಾತ.”

“ಯಾರ ಮುಖಕ್ಕಪ್ಪ?”

“ನಮ್ಮ ಅತ್ತೇದು.”

ಅಜ್ಜ ಕುಂಚ ಕೆಳಗಿಟ್ಟ. “ಅಯ್ಯೋ. ಗಟ್ಟಿಯಾಗಿದ್ರಲ್ಲೋ. ಯಾವಾಗ ಬೇಕು?”

“ತೆತ್ ಹೊತ್ತಿಗೆ ಬೇಕೇಬೇಕು.”

“ಅಷ್ಟು ಬೇಗಾನಾ? ನಾನೇ ಬರ್ಕೊಡ್ತೀನಿ ಬಿಡು.”

“ಬೇಡ ತಾತ. ನನ್ನ ಕೈಯಾರೆ ಮಾಡ್ಬೇಕು ಅಂತ ಆಸೆ. ಮನೇಲಿ ಯಾರಿಗೂ ಗೊತ್ತಿಲ್ಲ, ಹೇಳ್ಬೇಡಿ.”

ಅಜ್ಜ ಕಣ್ತುಂಬಿಕೊಂಡು ಮಸಿಯ ಜೊತೆಗೆ ಒಂದು ಹಳೆಯ ಕುಂಚವನ್ನೂ ಸುಮ್ಮನೆ ಕೊಟ್ಟ. ಇಂಥ ಅಳಿಯ ಇನ್ನೆಲ್ಲಿ ಸಿಗುತ್ತಾನೆ ಎಂದ. ಹೆನ್ ಅಜ್ಜಿ ಏಡಿಗಳನ್ನು ಬುಟ್ಟಿಯಲ್ಲೇ ಬಿಟ್ಟು ಗಲ್ಲಿಯ ಕಡೆ ಓಡಿದಳು. ಸಂಜೆಯೊಳಗೆ ಆ ಮಾತು ಮೂಯಿ ಅತ್ತೆಯ ಕಿವಿಗೂ ಬಿತ್ತು.

ಅಂದು ರಾತ್ರಿ ಊಟಕ್ಕೆ ಕೋಳಿ ಇತ್ತು. ಮೂಯಿ ಅತ್ತೆ ಕೋಳಿಯ ಕಾಲನ್ನು ತಮ್ಮ ಊಟದ ಕಡ್ಡಿಗಳಿಂದ ಎತ್ತಿ ಬಾಂಗನ ಬಟ್ಟಲಿಗೆ ಹಾಕಿದರು. “ತಿನ್ನು ಮಗನೇ,” ಎಂದರು.

ಬಾಂಗ್ ಗಾಬರಿಯಾಗಿ ಹೆಂಡತಿಯ ಮುಖ ನೋಡಿದ. ಆ ಮನೆಯಲ್ಲಿ ಕೋಳಿಯ ಕುತ್ತಿಗೆಯಿಂದ ಮುಂದಕ್ಕೆ ಅವನಿಗೆ ಬಡ್ತಿ ಸಿಕ್ಕಿರಲಿಲ್ಲ. ಮಗನೇ ಎಂಬ ಮಾತಂತೂ ಮದುವೆಯ ದಿನ ಫೋಟೋದವನ ಮುಂದೆ ಕೇಳಿದ್ದು, ಆಮೇಲಿಲ್ಲ.

“ಅಮ್ಮ, ಮಧ್ಯಾಹ್ನ ನೀರಿನ ಮೋಟಾರು ನಾನೇ ಆಫ್ ಮಾಡೋದು ಮರೆತೆ,” ಎಂದ ಅವನು, ಪರೀಕ್ಷೆ ಮಾಡಲೆಂದು.

“ಹೋಗ್ಲಿ ಬಿಡು. ಮನುಷ್ಯರು ಮರೀತಾರೆ.”

ಥೋವಾಳ ಕೈಯಿಂದ ಸೌಟು ಜಾರಿತು. ಅಡುಗೆಮನೆಗೆ ಗಂಡನನ್ನು ಎಳೆದುಕೊಂಡು ಹೋಗಿ, “ನೀವೇ ಅಲ್ವಾ ಆಸ್ಪತ್ರೆಗೆ ಹೋಗಿದ್ದು? ಡಾಕ್ಟ್ರು ಏನಂದ್ರು? ನಿಜ ಹೇಳಿ,” ಎಂದಳು.

“ಏನೂ ಇಲ್ಲ ಅಂದ್ರು ಕಣೇ.”

ಥೋವಾ ಸೆರಗಿಲ್ಲದ ದೇಶದವಳು. ಒರಸುವ ಬಟ್ಟೆಯನ್ನೇ ಕಣ್ಣಿಗೆ ಒತ್ತಿಕೊಂಡು ಅಳತೊಡಗಿದಳು. “ನನ್ನ ಹತ್ರಾನೂ ಹಾಗೇ ಹೇಳ್ತೀರಾ,” ಎಂದಳು.

ಈಗ ಬಾಂಗನ ತಲೆ ಕೆಟ್ಟಿತು. ಡಾಕ್ಟರು “ಚೆನ್ನಾಗಿ ನೋಡ್ಕೊಳ್ಳಿ” ಎಂದದ್ದು ನೆನಪಾಯಿತು. ಯಾಕೆ ಹಾಗೆ ಹೇಳಿದರು? ತನಗೆ ಗ್ಯಾಸಿನ ಕಥೆ ಹೇಳಿ, ನಿಜವನ್ನು ಆಮೇಲೆ ಥೋವಾಳಿಗೆ ಫೋನು ಮಾಡಿ ಹೇಳಿರಬೇಕು. ಮನೆಅಳಿಯನಿಗೆ ಯಾರು ಏನನ್ನು ನೇರವಾಗಿ ಹೇಳುತ್ತಾರೆ? ಅತ್ತೆಗೆ ವಿಷಯ ಗೊತ್ತು, ಹೆಂಡತಿಗೆ ಗೊತ್ತು, ಗೊತ್ತಿಲ್ಲದವನು ತಾನೊಬ್ಬನೇ ಎಂದು ಅವನು ತೀರ್ಮಾನಿಸಿದ. ಅವನ ಬದುಕಿನಲ್ಲಿ ಮೊದಲೂ ಹಾಗೇ ನಡೆದುಕೊಂಡು ಬಂದಿದ್ದರಿಂದ ಇದು ಥಟ್ಟನೆ ಒಪ್ಪಿಗೆಯಾಯಿತು.

ಬಯ್ಯುತ್ತಿದ್ದ ಅತ್ತೆ ಬಯ್ಯುವುದನ್ನು ಬಿಟ್ಟರೆ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂಬುದು ಅವನಿಗೆ ಅವತ್ತು ತಿಳಿಯಿತು. ಬೆಳಿಗ್ಗೆ ಚಪ್ಪಲಿ ಅಡ್ಡಡ್ಡ ಬಿಟ್ಟು ನೋಡಿದ, ಚಹಾ ಚೆಲ್ಲಿ ನೋಡಿದ. “ಪರವಾಗಿಲ್ಲ ಮಗನೇ,” ಎಂಬ ಮಾತೇ ಬಂತು. ಅತ್ತೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಬದನೆಕಾಯಿಯ ಭರಣಿಯ ಮುಚ್ಚಳ ತೆರೆಯುತ್ತಲೇ ಇರಲಿಲ್ಲ. ಬಾಂಗನಿಗೆ ಅವರ ಮೇಲೆ ಇಷ್ಟು ಪ್ರೀತಿ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಮಸಿ ಬಳಿದ. ಮಸಿ ಕಣ್ಣಿಗೂ ಹತ್ತಿತು. ಅಂಗಡಿಯಿಂದ ಅವನು ಹಾಗೇ ಮನೆಗೆ ಬಂದದ್ದನ್ನು ಗಲ್ಲಿಯೆಲ್ಲ ನೋಡಿತು.

ಗಲ್ಲಿಯ ಮುಖಂಡ ಖ್ವಾತ್ ಹಳೆಯ ಸೈನಿಕ. ಜನರ ಕಷ್ಟಸುಖ ನೋಡುವುದು ಅವನ ಕೆಲಸ. ಅದಕ್ಕಾಗಿ ಗಲ್ಲಿಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದ ಬೀಗದ ಕೈಯನ್ನು ಸರ್ಕಾರ ಅವನಿಗೆ ಕೊಟ್ಟಿತ್ತು. ಅವನು ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಬಂದು, ಬಾಂಗನನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡ.

“ಗಂಡಸರ ಹಾಗೆ ಮಾತಾಡೋಣ. ಅಜ್ಜಿಗೆ ಏನಂತೆ?”

“ಡಾಕ್ಟ್ರು ಏನೂ ಇಲ್ಲ ಅಂದ್ರು ಅಣ್ಣ,” ಎಂದ ಬಾಂಗ್, ಮಸಿ ಹತ್ತಿದ ಕಣ್ಣಿನಿಂದ ನೀರು ಸುರಿಸುತ್ತ.

“ಅರ್ಥ ಆಯ್ತು. ಅಜ್ಜಿಗೆ ಧೈರ್ಯ ಬರೋ ಹಾಗೆ ಏನಾದ್ರೂ ಮಾಡೋಣ.”

ಸ್ವಲ್ಪ ಹೊತ್ತಿನಲ್ಲೇ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡಿತು. “ಗಲ್ಲಿಯ ಬಂಧುಗಳಿಗೆ ತಿಳಿಸುವುದೇನೆಂದರೆ, ನಮ್ಮ ಮೂಯಿ ಅಜ್ಜಿಯವರಿಗೆ ಏನೂ ಆಗಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಏನೂ ಆಗಿಲ್ಲ. ಸುಳ್ಳು ಸುದ್ದಿಗೆ ಕಿವಿಗೊಡಬಾರದು. ನೋಡಲು ಬರುವವರು ಸ್ಕೂಟರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕು, ಒಳಗೆ ಹೋಗಿ ಅಳಬಾರದು.”

ಅಲ್ಲಿಯವರೆಗೆ ಅರ್ಧ ಗಲ್ಲಿಗೆ ವಿಷಯ ಗೊತ್ತಿರಲಿಲ್ಲ. ಈಗ ಪಕ್ಕದ ಗಲ್ಲಿಗೂ ಗೊತ್ತಾಯಿತು. ಸಂಜೆಯ ಹೊತ್ತಿಗೆ ಮೂಯಿ ಅತ್ತೆಯ ಜಗುಲಿಯಲ್ಲಿ ಕಿತ್ತಳೆಯ ರಾಶಿ ಬಿದ್ದಿತ್ತು. ಬಂದವರೆಲ್ಲ ನಗುನಗುತ್ತ ಒಳಗೆ ಹೋಗಿ, “ನಿಮಗೇನಾಗಿದೆ ಅಜ್ಜಿ, ಕಲ್ಲು ಇದ್ದ ಹಾಗಿದೀರಿ,” ಎಂದು ಹೇಳಿ, ಹೊರಗೆ ಬಂದು ಗೋಡೆ ಹಿಡಿದುಕೊಂಡು ಅತ್ತರು. ಕಿಟಕಿ ತೆರೆದಿದ್ದರಿಂದ ಅತ್ತೆಗೆ ಎರಡೂ ಕೇಳುತ್ತಿತ್ತು.

ಎಲ್ಲರೂ ಹೋದ ಮೇಲೆ ಹೆನ್ ಅಜ್ಜಿ ಬಂದಳು. ಇದು ಬಹಳ ದೊಡ್ಡ ಸುದ್ದಿ. ಮೂಯಿ ಅತ್ತೆ, ಹೆನ್ ಅಜ್ಜಿ ಇಬ್ಬರೂ ಗಲ್ಲಿಯ ಬಾಯಲ್ಲಿ ಎದುರುಬದುರು ಕುಳಿತು ಏಡಿಯ ಸಾರಿನ ಶಾವಿಗೆ ಮಾರುತ್ತ ಮುದುಕಿಯರಾದವರು. ಮೂಯಿಯ ಸಾರಿಗೆ ಬರುವ ಪರಿಮಳ ಹೆನ್‌ಳ ಸಾರಿಗೆ ಬರುತ್ತಿರಲಿಲ್ಲ. ಆ ಕಾರಣಕ್ಕೆ ಇಬ್ಬರಿಗೂ ಮಾತಿರಲಿಲ್ಲ. ಬೈಗುಳವೇನೋ ಇತ್ತು, ಅದು ಎದುರಿನ ನಾಯಿಗೆ ಹೇಳಿದ ಹಾಗೆ ಹೇಳಿ ಮುಟ್ಟಿಸುತ್ತಿದ್ದರು.

“ಮೂಯಿ ಅಕ್ಕ,” ಎಂದಳು ಹೆನ್, ಬಾಗಿಲಲ್ಲೇ ನಿಂತು. “ನಿಮ್ಮ ಸಾರಲ್ಲಿ ಜಿರಲೆ ಇದೆ ಅಂತ ಗಿರಾಕಿಗಳಿಗೆ ಹೇಳಿದ್ದು ನಾನೇ.”

“ಗೊತ್ತು. ನಿನ್ನ ಒಲೆಗೆ ನೀರು ಸುರಿದದ್ದು ನಾನೇ.”

“ಗೊತ್ತು.”

ಇಬ್ಬರೂ ಕೈ ಹಿಡಿದುಕೊಂಡು ಕುಳಿತರು. ಮೂಯಿ ಅತ್ತೆ, “ಬಾ ಹತ್ರ. ಸಾರಿಗೆ ಏನು ಹಾಕ್ತೀನಿ ಅಂತ ಹೇಳಿ ಹೋಗ್ತೀನಿ. ನನ್ನ ಜೊತೆ ಅದು ಮಣ್ಣಾಗೋದು ಬೇಡ,” ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ಬಾಗಿಲ ಮರೆಯಲ್ಲಿದ್ದ ಬಾಂಗ್ ಇದನ್ನು ನೋಡಿದ. ಮಗಳಿಗೂ ಹೇಳದ ಗುಟ್ಟು ಅದು. ಹೆನ್‌ಗೆ ಹೇಳಿದರೆಂದ ಮೇಲೆ ಇನ್ನು ಆಸೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಮರುದಿನ ಹಳ್ಳಿಯಿಂದ ವೂಂಗ್ ಮಾವ ಬಂದರು. ಕೈಯಲ್ಲಿ ಜೋಡಿ ಕೋಳಿ, ಮುಖದಲ್ಲಿ ಬಹಳ ವ್ಯವಸ್ಥೆ.

“ಭಾವನ ಸಮಾಧಿ ಪಕ್ಕದ ಜಾಗ ಕಳೆ ಕೀಳಿಸಿ ಬಂದಿದೀನಿ ಅಕ್ಕ. ಒಳ್ಳೆ ಗಾಳಿ. ಬಾಜಾದವರಿಗೂ ಒಂದು ಮಾತು ಹಾಕಿಟ್ಟಿದೀನಿ, ಹಬ್ಬದ ದಿನಗಳಲ್ಲಿ ಅವರು ಸಿಗೋದಿಲ್ಲ ನೋಡು. ನಿನಗೇನೂ ಆಗಿಲ್ಲ, ಸುಮ್ಮನೆ ಹೇಳಿದೆ.”

“ಒಳ್ಳೇದು ಮಾಡ್ದೆ,” ಎಂದರು ಅತ್ತೆ. ಆಮೇಲೆ ಥೋವಾಳನ್ನು ಕರೆದು, ಎಂಬತ್ತರ ಹಬ್ಬಕ್ಕೆ ಹೊಲಿಸಿಟ್ಟಿದ್ದ ಕೆಂಪು ನಿಲುವಂಗಿಯನ್ನು ಅವಳ ತೊಡೆಯ ಮೇಲಿಟ್ಟರು. “ಯಾರಿಗಾದ್ರೂ ಕೊಟ್ಬಿಡು. ಹೋಗೋಳಿಗೆ ಕೆಂಪು ಯಾಕೆ.”

ಥೋವಾ ಜೋರಾಗಿ ಅತ್ತಳು. ಖ್ವಾತ್ ಬಂದಿದ್ದ, ಹೆನ್ ಬಂದಿದ್ದಳು. ಎಲ್ಲರ ಕಣ್ಣಲ್ಲೂ ನೀರು. ಅತ್ತೆ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು ಬಾಂಗನ ಕಡೆ ಕೈ ಚಾಚಿದರು.

“ತಾ.”

“ಏನು ಅಮ್ಮ?”

“ನನ್ನ ಚಿತ್ರ. ಆವತ್ತು ಮಧ್ಯಾಹ್ನ ತಲೆ ಅಳೆದ್ಯಲ್ಲ. ನನಗೆಲ್ಲ ಗೊತ್ತು. ಪೀಠದ ಮೇಲೆ ಕೂರೋದು ನಾನು, ನೀನಲ್ಲ. ಸರಿಯಾಗಿದ್ಯಾ ಅಂತ ಈಗ್ಲೇ ನೋಡ್ಬೇಕು.”

ಬಾಂಗ್ ಬೆವರಿದ. ಆದರೆ ಹೋಗುವವರ ಕೊನೆಯ ಮಾತನ್ನು ಮೀರುವುದು ಹೇಗೆ? ಅಟ್ಟದ ಮೇಲಿಂದ, ಸ್ಕೂಟರ್ ಸೀಟಿನ ರೆಕ್ಸಿನ್‌ನಲ್ಲಿ ಸುತ್ತಿಟ್ಟಿದ್ದ ಚಿತ್ರವನ್ನು ತಂದು ಬಿಚ್ಚಿ, ಎಲ್ಲರ ಮುಂದೆ ಗೋಡೆಗೆ ಒರಗಿಸಿದ.

ಕೋಣೆಯಲ್ಲಿ ಅಳು ನಿಂತಿತು.

ಕಣ್ಣುಗಳು ತಲೆಯ ನಟ್ಟ ನಡುವೆಯೇ ಇದ್ದವು, ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ಒಂದು ಕಣ್ಣು ಬಾಗಿಲ ಕಡೆ, ಇನ್ನೊಂದು ಅಡುಗೆಮನೆಯ ಕಡೆ ನೋಡುತ್ತಿತ್ತು. ಮೂಗು ಕೆಳಗೆ ಬರುತ್ತ ಮನಸ್ಸು ಬದಲಾಯಿಸಿ ಎಡಕ್ಕೆ ಹೋಗಿತ್ತು. ಕಿವಿಯೊಂದು ಹೆಗಲಿಗೆ ತಾಗುವಂತಿತ್ತು. ಕಪ್ಪು ಸಾಲದೆಂದು ಬಳಿದ ಮಸಿ ಮೇಲ್ತುಟಿಗೂ ಹರಡಿ ಒಳ್ಳೆಯ ಮೀಸೆಯಾಗಿತ್ತು. ಒಟ್ಟು ಮುಖದ ಆಕಾರದ ಬಗ್ಗೆ ಹೇಳುವುದಾದರೆ, ಅದರ ಮೇಲೆ ಇಬ್ಬರು ಆರಾಮವಾಗಿ ಕೂರಬಹುದಿತ್ತು.

“ನಮ್ಮ ರೆಜಿಮೆಂಟಿನ ಅಡುಗೆಯವನು,” ಎಂದ ಖ್ವಾತ್, ಗೌರವದಿಂದ ನೆಟ್ಟಗೆ ನಿಂತು. “ತೀರ್ಕೊಂಡ ಪಾಪ.”

“ಎಲ್ಲಿ, ಇದು ನನ್ನ ಗಂಡ,” ಎಂದಳು ಹೆನ್. “ಕುಡಿದಾಗ ಹೀಗೇ ಇದ್ರು.”

“ನಮ್ಮೂರ ಎಮ್ಮೆ ದಲ್ಲಾಳಿ ಅಂದ್ಕೊಂಡೆ,” ಎಂದರು ವೂಂಗ್ ಮಾವ.

ಮೂಯಿ ಅತ್ತೆ ಕನ್ನಡಕ ಹಾಕಿಕೊಂಡರು. ಹತ್ತಿರ ಹೋಗಿ ನೋಡಿದರು. ಹಿಂದೆ ಸರಿದು ನೋಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಇನ್ನೂ ಕೆಂಪಾಯಿತು.

“ಇದು ನಾನೇನೋ?”

“ಹೌದು ಅಮ್ಮ.”

“ಇದನ್ನ ಪೀಠದ ಮೇಲಿಟ್ಟು ನನ್ನ ತಿಥಿ ಮಾಡ್ತೀರಾ? ಮೊಮ್ಮಕ್ಕಳು ಊದುಬತ್ತಿ ಹಚ್ಚಿ ಅನ್ನ ಇಟ್ರೆ ಅದು ಯಾರ ಬಾಯಿಗೆ ಹೋಗುತ್ತೆ? ಆ ಎಮ್ಮೆ ದಲ್ಲಾಳಿ ಬಂದು ತಿಂದು ಹೋಗ್ತಾನೆ. ನಾನು ಅಲ್ಲಿ ಹಸ್ಕೊಂಡು ಕೂತಿರ್ತೀನಿ. ನಿಮ್ಮ ಮಾವ ಪಕ್ಕದಲ್ಲಿರೋರು, ನೀನ್ಯಾರಯ್ಯ ಮೀಸೆಯವನೇ ಅಂತ ಎದ್ದು ಹೊರಗೆ ಹಾಕ್ತಾರೆ.”

ಬಾಂಗನಿಗೆ ತಡೆಯಲಾಗಲಿಲ್ಲ. “ಪೀಠಕ್ಕಲ್ಲ ಅಮ್ಮ, ನಿಮ್ಮ ಎಂಬತ್ತರ ಹಬ್ಬಕ್ಕೆ. ತ್ವಾನ್ ಹತ್ರ ಚಿತ್ರ ಬರುತ್ತೆ ಅಂತ ಸುಳ್ಳು ಹೇಳ್ಬಿಟ್ಟೆ. ನನಗೆ ಏನೂ ಬರಲ್ಲ. ಡಾಕ್ಟ್ರು ನನ್ನ ಹತ್ರ ಹೇಳಿದ್ದು ಇಷ್ಟೇ, ಉಪ್ಪಿನ ಬದನೆಕಾಯಿ ಮಿತಿ ಮೀರಿ ತಿಂದು ಗ್ಯಾಸು, ಬೇರೆ ಏನೂ ಇಲ್ಲ ಅಂತ. ನಿಮಗೆ ಏನಾಗಿದೆ ಅನ್ನೋದು ನನಗೂ ಗೊತ್ತಿಲ್ಲ, ಇವಳು ಹೇಳ್ತಾನೂ ಇಲ್ಲ.”

“ನಾನೆಲ್ಲಿ ಹೇಳ್ಲಿ? ನೀವು ಹೇಳ್ಲಿ ಅಂತ ನಾನು ಕಾಯ್ತಿದೀನಿ,” ಎಂದಳು ಥೋವಾ.

ಖ್ವಾತ್ ತಲೆಯಾಡಿಸಿ ಬಾಂಗನ ಬೆನ್ನು ತಟ್ಟಿದ. “ಶಭಾಷ್. ಕೊನೇತನಕ ಹಾಗೇ ಹೇಳ್ಬೇಕು.”

“ನಿಜವಾಗ್ಲೂ ಏನೂ ಇಲ್ಲ ಅಣ್ಣ.”

“ಹೌದು ಹೌದು. ಏನೂ ಇಲ್ಲ,” ಎಂದರು ಎಲ್ಲರೂ, ಮತ್ತೆ ಕಣ್ಣೊರೆಸಿಕೊಳ್ಳುತ್ತ. ಆ ಜನರ ಮುಂದೆ ನಿಜ ಹೇಳಿ ನಂಬಿಸುವ ದಾರಿಯೇ ಇರಲಿಲ್ಲ.

ಮೂಯಿ ಅತ್ತೆ ಮಾತ್ರ ಅಳಲಿಲ್ಲ. ಇನ್ನೂ ಚಿತ್ರವನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕೈ ಎತ್ತಿದರು.

“ಸ್ವಲ್ಪ ಸುಮ್ಮನಿರಿ. ಇವನು ನಿಜಾನೇ ಹೇಳ್ತಿದಾನೆ.”

“ಹೇಗೆ ಹೇಳ್ತೀಯ ಅಕ್ಕ?” ಎಂದರು ವೂಂಗ್ ಮಾವ.

“ಚಿತ್ರ ನೋಡು. ನಾನು ನಿಜವಾಗ್ಲೂ ಹೋಗೋ ಹಾಗಿದ್ದಿದ್ರೆ, ಅದು ಇವನಿಗೆ ಗೊತ್ತಿದ್ದಿದ್ರೆ, ಎಂಥಾ ಪೆದ್ದನಾದ್ರೂ ಮಾರುಕಟ್ಟೆ ಅಜ್ಜನ ಕೈಲೇ ಬರೆಸ್ತಿದ್ದ. ಅತ್ತೆ ಪೀಠದ ಮೇಲೆ ನೂರು ವರ್ಷ ಕೂರೋ ಮುಖಾನ ಈ ಕೈಗೆ ಯಾರಾದ್ರೂ ಬಿಡ್ತಾರಾ? ಹಬ್ಬಕ್ಕೆ ಅಂತ ಬರೆದದ್ದೇ ಇದು. ಒಂದು ದಿನ ನಕ್ಕು ಎತ್ತಿಡೋ ಚಿತ್ರ.”

ಎಲ್ಲರೂ ಮತ್ತೊಮ್ಮೆ ಚಿತ್ರದ ಕಡೆ ತಿರುಗಿದರು. ಹೆಗಲಿಗೆ ತಾಗಿದ ಕಿವಿಯನ್ನು ನೋಡಿದರು, ಎಡಕ್ಕೆ ಹೋದ ಮೂಗನ್ನು ನೋಡಿದರು, ಮೀಸೆಯನ್ನು ನೋಡಿದರು. ಡಾಕ್ಟರ ಮಾತಿಗಾಗಲಿ ಧ್ವನಿವರ್ಧಕಕ್ಕಾಗಲಿ ಆಗದಿದ್ದ ಕೆಲಸ ಆ ಮೂಗಿನಿಂದ ಆಯಿತು. ಒಬ್ಬೊಬ್ಬರಾಗಿ ನಂಬಿದರು. ಥೋವಾ ಅಳುತ್ತಲೇ ನಗತೊಡಗಿದಳು, ಕೆಂಪು ನಿಲುವಂಗಿಯನ್ನು ಎದೆಗೆ ಒತ್ತಿಕೊಂಡು. ವೂಂಗ್ ಮಾವ ಹೊರಗೆ ಹೋಗಿ ಬಾಜಾದವರಿಗೆ ಫೋನು ಮಾಡಿ, ಬೇರೆ ರಾಗ ಬರುತ್ತದೆಯೇ ಎಂದು ಕೇಳಿದರು.

ಹೆನ್ ಅಜ್ಜಿ ಮೊದಲು ಎದ್ದವಳು. ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. “ಇರು ಇರು, ನೂರು ವರ್ಷ ಇರು. ಸಾರಿನ ಗುಟ್ಟು ನನ್ನ ಹತ್ರ ಬಂತಲ್ಲ.”

“ಒಂದು ಸಾಮಾನು ಹೇಳಿಲ್ಲ ನಿನಗೆ,” ಎಂದರು ಮೂಯಿ ಅತ್ತೆ.

“ಸಾಯೋ ಹೊತ್ತಲ್ಲೂ ಮುಚ್ಚಿಟ್ಯಾ?”

“ಸಾಯೋ ಹೊತ್ತಲ್ಲೇ ಹುಷಾರಾಗಿರ್ಬೇಕು. ಹೋಗು, ನಿನ್ನ ಏಡಿಗಳು ಕಾಯ್ತಿವೆ.”

ಆಮೇಲೆ ಅವರು ಬಾಂಗನ ಕಡೆ ತಿರುಗಿದರು. ಇಷ್ಟು ದಿನ ಒಳಗೆ ಕೂಡಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. “ಕತ್ತೆ. ಬದನೆಕಾಯಿ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು? ಮಲಗಿದೋರ ತಲೆಗೆ ಟೇಪು ಹಿಡೀತೀಯಲ್ಲ, ನಿನಗೆ ಬುದ್ಧಿ ಇದ್ಯಾ? ಆವತ್ತು ಮೋಟಾರು ಆಫ್ ಮಾಡದೆ ಎಷ್ಟು ನೀರು ಹೋಯ್ತು ಗೊತ್ತಾ? ಚಪ್ಪಲಿ ಯಾಕೋ ಅಡ್ಡಡ್ಡ ಬಿಡ್ತೀಯ? ಚಹಾ ಚೆಲ್ಲಿದ್ದು ಯಾರು ಒರಸ್ತಾರೆ? ಕೋಳಿ ಕಾಲು ಬೇರೆ ತಿಂದೆ, ನಾಚಿಕೆ ಇಲ್ದೆ.”

ಬಾಂಗ್ ತಲೆ ತಗ್ಗಿಸಿಕೊಂಡು ನಿಂತು ಪೂರ್ತಿ ಕೇಳಿದ. ಕಿವಿಗೆ ಎಷ್ಟೋ ದಿನದ ಮೇಲೆ ಗಾಳಿ ಹೋದಂತಾಯಿತು. ಎದೆಯ ಮೇಲಿನ ಭಾರವೆಲ್ಲ ಇಳಿದು ಅವನಿಗೆ ಜೋರು ಹಸಿವಾಯಿತು. ಅತ್ತೆಗೂ ಆಗಿರಬೇಕು, ಬೈಗುಳ ಮುಗಿಸಿ ನೇರವಾಗಿ ಅಡುಗೆಮನೆಗೆ ಹೋಗಿ ಭರಣಿಯ ಮುಚ್ಚಳ ತೆಗೆದರು. ಬಾಂಗ್ ಹಿಂದೆಯೇ ಓಡಿ, ಜೀವನದಲ್ಲಿ ಮೊದಲ ಸಲ ಅತ್ತೆಗೆ ಎದುರು ಮಾತಾಡಿದ. “ಅಮ್ಮ, ಒಂದೇ.” ಅತ್ತೆ ಅವನನ್ನು ದುರುಗುಟ್ಟಿ ನೋಡಿ, ಒಂದನ್ನೇ ತೆಗೆದುಕೊಂಡು ಮುಚ್ಚಳ ಹಾಕಿದರು.

ಎಂಬತ್ತರ ಹಬ್ಬ ಜೋರಾಗಿ ನಡೆಯಿತು. ಗಲ್ಲಿಗೆಲ್ಲ ಹಂಚಿದರೂ ಕಿತ್ತಳೆ ಮುಗಿಯಲಿಲ್ಲ. ತ್ವಾನ್ ಹಡಗಿನಿಂದ ಇಳಿದು ಬಂದು ಹಾಡಿದ. ಅತ್ತೆ ಕೆಂಪು ನಿಲುವಂಗಿಯಲ್ಲಿ ಎತ್ತರದ ಕುರ್ಚಿಯಲ್ಲಿ ಕುಳಿತರು. ಪಕ್ಕದಲ್ಲಿ ಅವರದೇ ಹಟದ ಮೇಲೆ ಆ ಚಿತ್ರವನ್ನೂ ನಿಲ್ಲಿಸಲಾಗಿತ್ತು. ಬಂದವರೆಲ್ಲ ಮೊದಲು ಅತ್ತೆಗೆ, ಆಮೇಲೆ ಅನುಮಾನದಿಂದ ಚಿತ್ರಕ್ಕೂ ಕೈ ಮುಗಿದರು.

“ಬಾಂಗ್,” ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. “ನನ್ನ ಪೀಠದ ಚಿತ್ರ ಮಾರುಕಟ್ಟೆ ಅಜ್ಜ ಬರೆಯೋದು ಬೇಡ. ನೀನೇ ಬರಿ. ಸರಿಯಾಗಿ ನನ್ನ ಹಾಗೆ ಬಂದ ಮೇಲೆ ಹೋಗ್ತೀನಿ. ಅಲ್ಲೀತನಕ ಹೋಗಲ್ಲ. ಅವಸರ ಏನಿಲ್ಲ, ನಿಧಾನಕ್ಕೆ ಕಲಿ.”

ಅಂದಿನಿಂದ ಬಾಂಗ್ ಮಧ್ಯಾಹ್ನದ ಹೊತ್ತು ಅತ್ತೆಯ ಎದುರಿಗೇ ಕುಳಿತು ಬರೆಯುತ್ತಾನೆ. ಅತ್ತೆ ಬಯ್ಯುತ್ತ ಕುಳಿತಿರುತ್ತಾರೆ. ತೆತ್ ಹಬ್ಬಗಳು ಬಂದು ಹೋದವು. ಕೈ ಎಂಬುದು ಬಿಡದೆ ಮಾಡಿದ ಕೆಲಸವನ್ನು ಕಲಿತೇ ಕಲಿಯುತ್ತದೆ. ಒಂದು ವರ್ಷ ಕಣ್ಣುಗಳು ಒಂದೇ ಕಡೆ ನೋಡಿದವು, ಇನ್ನೊಂದು ವರ್ಷ ಮೀಸೆ ಹೋಯಿತು. ಚಿತ್ರ ನೋಡಲು ಬರುವ ಗಲ್ಲಿಯವರ ಮುಖದಲ್ಲಿ ಮಾತ್ರ ಆತಂಕ ಹೆಚ್ಚುತ್ತ ಬಂತು. “ಸಾಕು ಬಿಡೋ, ತುಂಬಾ ಕಲೀಬೇಡ,” ಎಂದು ಖ್ವಾತ್ ಅವನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ. ಹೆನ್ ಅಜ್ಜಿಯಂತೂ, ಇನ್ನೊಂದು ಸಾಮಾನು ಬಾಯಿಬಿಡುವವರೆಗಾದರೂ ಮೂಗು ನೆಟ್ಟಗಾಗಬಾರದೆಂದು ದೇವರಿಗೆ ಹರಕೆ ಹೊತ್ತಳು.

ಮೊನ್ನೆಯ ಚಿತ್ರದಲ್ಲಿ ಮೂಗೂ ಬಂದುಬಿಟ್ಟಿತು. ಹಣೆ, ಗಲ್ಲ, ಬಯ್ಯಲು ತೆರೆಯುವ ಬಾಯಿ, ಎಲ್ಲ ಮೂಯಿ ಅತ್ತೆಯೇ. ಅತ್ತೆ ಕನ್ನಡಕ ಹಾಕಿಕೊಂಡು ದಿಟ್ಟಿಸಿ, ಒಂದು ಬೈಗುಳವೂ ಇಲ್ಲದೆ, ಬಾಂಗನ ಮುಖ ನೋಡಿದರು.

ಬಾಂಗ್ ಚಿತ್ರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ. ಕಿವಿ ಬರೆಯುವುದು ಹೇಗೆಂದು ಅವನಿಗೆ ಈಗ ಚೆನ್ನಾಗಿ ಗೊತ್ತು. ರಬ್ಬರು ತೆಗೆದುಕೊಂಡು, ಸರಿಯಾಗಿ ಬಂದಿದ್ದ ಕಿವಿಯನ್ನು ಪೂರ್ತಿ ಅಳಿಸಿ, ಹೆಗಲಿನ ಹತ್ತಿರ ಹೊಸದೊಂದನ್ನು ಬರೆದ.

“ಕಿವಿ ಕೈಗೆ ಹತ್ತುತ್ತಾನೇ ಇಲ್ಲ ಅಮ್ಮ,” ಎಂದ.

“ಕತ್ತೆ,” ಎಂದರು ಅತ್ತೆ. “ಇಷ್ಟು ವರ್ಷ ಆಯ್ತು, ಒಂದು ಕಿವಿ ಬರಲ್ವಲ್ಲೋ ನಿನಗೆ.” ಹಾಗೆನ್ನುತ್ತ ಚಾಪೆಯ ಮೇಲೆ ಆರಾಮವಾಗಿ ಕಾಲು ಚಾಚಿ ಮಲಗಿ ನಿದ್ದೆ ಹೋದರು.